ಉಸಿರು ಕೇಳಿಸುವಷ್ಟು ಸದ್ದು

ಎಮೆಟ್ ಪೆಲ್ಕಿಯ ಹಾಡುಗಳು ನನಗೆ ಗಾಳಿ ನೋಡಿಕೊಂಡು ಬರುತ್ತವೆ. ಅವನು ಕಬ್ಬಿಣದ ಅದಿರು ಸಾಗಿಸುವ ಹಡಗಿನಲ್ಲಿ ಡೆಕ್ಕಿನ ಕೆಲಸಕ್ಕಿದ್ದಾನೆ. ಸುಪೀರಿಯರ್ ಸರೋವರದ ನಡುನೀರಿನಲ್ಲಿ ಫೋನು ಸತ್ತ ಹಾಗೆ. ಹಡಗು ದಂಡೆಗೆ ಹತ್ತಿರವಾಗಿ ಸಾಗಿದರೆ ಮಾತ್ರ ಅದಕ್ಕೆ ಜೀವ ಬರುತ್ತದೆ, ಮತ್ತು ಕ್ಯಾಪ್ಟನ್ನರು ದಂಡೆಯ ಮರೆ ಹಿಡಿದು ಹೋಗುವುದು ಬಿರುಗಾಳಿ ಎದ್ದಾಗ. ಹಾಗಾಗಿ ನಮ್ಮ ಅಡುಗೆಮನೆಯ ಕಿಟಕಿ ಗಡಗಡ ಎಂದಾಗ ಮನೆಯವರೆಲ್ಲ "ಅಯ್ಯೋ ಪಾಪ, ದೋಣಿಯವರು" ಎನ್ನುತ್ತಾರೆ. ನಾನು ಮೆಲ್ಲಗೆ ಫೋನು ತಿರುಗಿಸಿ ನೋಡುತ್ತೇನೆ.

ಸಾವಿರ ಅಡಿ ಉದ್ದವಿದ್ದರೂ ನಮ್ಮೂರಿನಲ್ಲಿ ಅದು ದೋಣಿಯೇ. ಹಡಗು ಅಂದವರನ್ನು ಹೊರಗಿನವರು ಅಂತ ತಕ್ಷಣ ಗುರುತಿಸುತ್ತಾರೆ.

ಅಕ್ಟೋಬರಿನ ಒಂದು ಗಾಳಿಯ ದಿನ, ನಾನು ಲೈಬ್ರರಿಯಲ್ಲಿ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದಾಗ ಆ ಹಾಡು ಬಂತು. ಫೋನಿನಲ್ಲೇ ಹಾಡಿ ರೆಕಾರ್ಡ್ ಮಾಡಿದ್ದು. ಹಿಂದೆ ಎಂಜಿನ್ನಿನ ಗುಂಯ್ ಸದ್ದು, ಮುಂದೆ ಅವನ ದನಿ. ನೀರಿನ ಮೇಲಿನಿಂದ ನೋಡಿದರೆ ದಂಡೆಯ ಮೇಲಿನ ದೀಪವಿರುವ ಮನೆಯೆಲ್ಲ ತನ್ನದೇ ಅನ್ನಿಸುತ್ತದೆ, ಯಾವುದರ ಬಾಗಿಲೂ ತನಗೆ ಗೊತ್ತಿಲ್ಲ ಎಂಬ ಅರ್ಥದ ಹಾಡು. ಹಾಡಿನ ಹಿಂದೆಯೇ ಅವನ ಮಾತು ಇತ್ತು, ಎಂದಿನಂತೆ ನನ್ನನ್ನು ಮನೆತನದ ಹೆಸರಿನಿಂದ ಕರೆದು.

"ಏ ಹಾರ್ಜು, ಇದಕ್ಕೆ ನಿನ್ನ ಗಿಟಾರ್ ಬೇಕು. ಡುಲೂತಲ್ಲಿ ಒಬ್ಬ ಇದಾನೆ, ಮನೇಲೇ ರೆಕಾರ್ಡಿಂಗ್ ಕೋಣೆ ಮಾಡ್ಕೊಂಡಿದಾನೆ. ಚಳಿಗಾಲದಲ್ಲಿ ನನ್ನ ಹಾಡೆಲ್ಲ ಸೇರಿಸಿ ಆಲ್ಬಂ ಮಾಡ್ಕೊಡ್ತೀನಿ ಅಂದ. ಗಿಟಾರೂ ತಾನೇ ನುಡಿಸ್ತಾನಂತೆ, ಚೆನ್ನಾಗೇ ನುಡಿಸ್ತಾನೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ, ನವೆಂಬರ್ ಕೊನೆಯೊಳಗೆ ನೀನು ಕಳಿಸಿದ್ರೆ ನಿಂದೇ ಹಾಕೋಣ. ಆಗ್ಲಿಲ್ಲ ಅಂದ್ರೆ ಬಿಡು, ತಲೆ ಕೆಡಿಸ್ಕೋಬೇಡ."

ಆ ಕೊನೆಯ ಮಾತಿಗೇ ನನ್ನ ತಲೆ ಕೆಟ್ಟಿತು. ಆಗದಿದ್ದರೆ ಬಿಡಬಹುದಾದವಳು ನಾನು ಎಂಬುದು ಅಷ್ಟು ಸಲೀಸಾಗಿ ಅವನ ಬಾಯಿಂದ ಬಂದಿತ್ತು.

ಕಾಲೇಜಿನ ಮೂರು ಚಳಿಗಾಲ ನಾವಿಬ್ಬರೂ ಅವನ ಚಿಕ್ಕಪ್ಪನ ಮನೆಯ ನೆಲಮಾಳಿಗೆಯಲ್ಲಿ ನುಡಿಸಿದ್ದೆವು. ಅವನು ಹಾಡುತ್ತಿದ್ದ. ನಾನು ಅವನಿಗೆ ಬೆನ್ನು ಹಾಕಿ, ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಅವನ ಹಳೆಯ ಆಂಪಿನ ಕಡೆ ಮುಖ ಮಾಡಿ ನುಡಿಸುತ್ತಿದ್ದೆ. ಮುಖ ನೋಡಿಕೊಂಡು ನುಡಿಸುವುದು ನನ್ನಿಂದ ಆಗುವ ಕೆಲಸವಲ್ಲ. ಆ ಆಂಪಿನೊಳಗೆ ಹಳೆಯ ಕಾಲದ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳಿದ್ದವು. ಕಾದ ಮೇಲೆ ಅದರ ಹಿಂಬದಿಯಿಂದ ಕಿತ್ತಳೆ ಬೆಳಕೂ ಸುಟ್ಟ ಧೂಳಿನ ವಾಸನೆಯೂ ಬರುತ್ತಿತ್ತು. ತಂತಿ ಮೀಟಿದರೆ ಸ್ವರ ಮೊದಲು ಅರಳಿ ಆಮೇಲೆ ಅಂಚಿನಲ್ಲಿ ಸ್ವಲ್ಪ ಸೀಳುತ್ತಿತ್ತು, ಅಳುವವರ ದನಿಯ ಹಾಗೆ. ನನಗೆ ಹೇಳಲಾಗದ್ದನ್ನೆಲ್ಲ ಆ ಪೆಟ್ಟಿಗೆ ಹೇಳುತ್ತಿತ್ತು. ಅವನು ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದನೋ, ಹಾಡಿನ ಮುಂದಿನ ಸಾಲು ಯೋಚಿಸುತ್ತಿದ್ದನೋ, ಬೆನ್ನು ಹಾಕಿದವಳಿಗೆ ಹೇಗೆ ಗೊತ್ತಾಗಬೇಕು.

"ಗಾಜು ಇಲ್ದಿದ್ರೆ ಅದು ಆಂಪ್ ಅಲ್ಲ ಕಣೆ, ಟೋಸ್ಟರು" ಎನ್ನುತ್ತಿದ್ದ. ದೋಣಿಯ ಕೆಲಸಕ್ಕೆ ಹೋಗುವ ಮೊದಲು ಅದನ್ನೇ ಯಾರಿಗೋ ಮಾರಿಬಿಟ್ಟ. ಅಂದಿನಿಂದ ನನ್ನ ಗಿಟಾರು ಹಾಸಿಗೆಯ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿತ್ತು. ಆಗಾಗ ಆಂಪಿಲ್ಲದೆ ಬೆರಳಾಡಿಸುತ್ತಿದ್ದೆ. ಸೊಳ್ಳೆ ಹಾಡಿದಷ್ಟು ಸದ್ದು.

ಶುಕ್ರವಾರ ಗಾರ್ಡಿ ವುಕೆಲಿಚ್‌ನ ಅಂಗಡಿಗೆ ಹೋದೆ. ಗಾರ್ಡಿಯನ್ನು ಎಲ್ಲರೂ ಬಲ್ಲರು. ಮದುವೆಗಳಲ್ಲಿ ಅಕಾರ್ಡಿಯನ್, ಬಾರುಗಳಲ್ಲಿ ಗಿಟಾರ್, ಅಂಗಡಿಯಲ್ಲಿ ಬಾಯಿ ನುಡಿಸುವವನು. ಅವನ ಅಂಗಡಿಯಲ್ಲಿ ಒಂದು ರೂಢಿಯಿದೆ. ಗಿರಾಕಿ ಆಂಪ್ ಕೇಳಿದರೆ ಗಾರ್ಡಿ ಮೊದಲು ತಾನೇ ಅದನ್ನು ನುಡಿಸಿ ತೋರಿಸುತ್ತಾನೆ, ಕಪಾಟಿನ ಗಾಜು ಅದುರುವ ಹಾಗೆ.

"ಯಾರಿದು, ರಸ್ ಹಾರ್ಜು ಮಗಳಾ? ಬಾಯಿ ಇದೆಯಾ ನಿನಗೆ ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ. ಏನು ಬೇಕು ತಾಯಿ?"

"ಸಣ್ಣದೊಂದು ಆಂಪು. ಮನೇಲಿ ನುಡಿಸೋಕೆ... ರೆಕಾರ್ಡ್ ಮಾಡೋಕೆ."

"ಏನಂದೆ? ಸ್ವಲ್ಪ ಜೋರಾಗಿ ಹೇಳು, ಮೀನಿನ ಹತ್ರ ಮಾತಾಡ್ತಿದೀಯಾ?"

ಮತ್ತೊಮ್ಮೆ ಹೇಳಿದೆ. ಅವನು ಎರಡನ್ನು ತಂದು ಕೌಂಟರಿನ ಮೇಲಿಟ್ಟ. ಒಂದು ಪುಟ್ಟ ಬೂದು ಪೆಟ್ಟಿಗೆ, ಮೇಲೆ ಹಿಡಿಕೆ, ಬ್ಯಾಟರಿಯಲ್ಲೂ ನಡೆಯುತ್ತಿತ್ತು. ಇನ್ನೊಂದು ಕಂದು ಬಟ್ಟೆಯ ಮುಖದ್ದು, ಹಿಂಬದಿ ತೆರೆದದ್ದು. ಬಗ್ಗಿ ನೋಡಿದೆ. ಒಳಗೆ ಎರಡು ಗಾಜಿನ ವಾಲ್ವುಗಳು ಮೊಟ್ಟೆಯ ಹಾಗೆ ಕೂತಿದ್ದವು.

"ಇದು," ಎಂದು ಬೂದು ಪೆಟ್ಟಿಗೆಯ ತಲೆ ತಟ್ಟಿದ, "ಎಂಟು ವರ್ಷದ ಮಕ್ಕಳಿಗೆ ಅವರ ಅಜ್ಜಿಯರು ಕ್ರಿಸ್ಮಸ್‌ಗೆ ಕೊಡಿಸೋದು. ಮರುದಿನ ಅಪ್ಪಂದಿರು ಬಂದು ನನಗೆ ಬಯ್ಯೋದು. ಇದು ನೋಡು, ಇದು ಆಂಪು. ಐದೇ ವ್ಯಾಟು. ಮನೆಗೆ ಹೇಳಿ ಮಾಡಿಸಿದ್ದು."

ಗಾರ್ಡಿ ಗುಂಡಿ ತಿರುಗಿಸಿ ಒಂದೇ ಒಂದು ಸ್ವರಗುಚ್ಛ ಮೀಟಿದ. ಸ್ವರ ಅರಳಿತು, ಅಂಚಿನಲ್ಲಿ ಸೀಳಿತು. ಸುಟ್ಟ ಧೂಳಿನ ವಾಸನೆ ಬಂತು. ನನ್ನ ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿ ನೋಡಿದರೆ ಪಿಟೀಲುಗಳ ಸಾಲು, ಅಷ್ಟೆ.

"ನೀನೂ ನುಡಿಸಿ ನೋಡು" ಎಂದ. ಬೇಡ ಎಂದು ತಲೆಯಾಡಿಸಿದೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರು. ಬೂದು ಪೆಟ್ಟಿಗೆಯನ್ನಂತೂ ಹಚ್ಚಿಯೂ ನೋಡಲಿಲ್ಲ. ಕಂದು ಆಂಪನ್ನು ಮಗುವಿನ ಹಾಗೆ ಅವುಚಿಕೊಂಡು ಕಾರಿಗೆ ಒಯ್ದೆ, ಸೀಟುಬೆಲ್ಟು ಕೂಡ ಹಾಕಿದೆ.

ಮನೆಗೆ ಬಂದ ಮೇಲೆ ಗೊತ್ತಾಯಿತು, ಅಂಗಡಿಯ ಕಿವಿಯೇ ಬೇರೆ ಮನೆಯ ಕಿವಿಯೇ ಬೇರೆ ಎಂದು.

ಅಪ್ಪ ಅದಿರಿನ ಧಕ್ಕೆಯಲ್ಲಿ ರಾತ್ರಿಪಾಳಿ ಮಾಡುತ್ತಾನೆ, ಹಗಲು ಮಲಗುತ್ತಾನೆ; ರಾತ್ರಿ ಮಿಕ್ಕವರು ಮಲಗುತ್ತಾರೆ. ನನ್ನ ಕೋಣೆಗೂ ಅವನ ಕೋಣೆಗೂ ನಡುವೆ ಇರುವುದು ಒಂದು ತೆಳ್ಳನೆಯ ಹಲಗೆಗೋಡೆ. ಅವನು ಮಗ್ಗುಲು ಬದಲಿಸಿದರೆ ನನಗೆ ಗೊತ್ತಾಗುತ್ತದೆ. ನಾನು ಆಂಪಿನ ಗುಂಡಿಯನ್ನು ಒಂದು ಕೂದಲಿನಷ್ಟು ತಿರುಗಿಸಿದೆ. ಏನೂ ಇಲ್ಲ. ಇನ್ನೊಂದು ಕೂದಲು. ಕಂಬಳಿ ಹೊದೆದು ಯಾರೋ ಗೊಣಗಿದಂಥ ಸದ್ದು ಬಂತು. ಸ್ವರ ಅರಳಲಿಲ್ಲ, ಸೀಳಲಿಲ್ಲ, ಸುಮ್ಮನೆ ಬಿತ್ತು. ಗಾಜಿನೊಳಗಿನ ಕೆಂಪು ಮಾತ್ರ ಉರಿಯುತ್ತಿತ್ತು. ಅದು ದನಿ ಎತ್ತಿದರೆ ಮಾತ್ರ ಬಾಯಿಬಿಡುವ ಜಾತಿ. ಕಣ್ಣು ಮುಚ್ಚಿ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿ ಮೀಟಿದೆ.

ಗೋಡೆಯಾಚೆ ಮಂಚ ಕಿರ್ರೆಂದಿತು. ಬಾಗಿಲಲ್ಲಿ ಅಪ್ಪ, ಒಳ ಅಂಗಿಯಲ್ಲಿ, ತಲೆಗೂದಲು ಒಂದೇ ಕಡೆಗೆ ನಿಂತುಕೊಂಡು.

"ಏನಾಯ್ತು? ಬಾಯ್ಲರ್ ಹೋಯ್ತಾ?"

"ಇಲ್ಲ. ಆಂಪು."

ಅಪ್ಪ ಆಂಪನ್ನೂ ನನ್ನನ್ನೂ ನೋಡಿದ. "ಮಗಳೇ, ನೀನು ಹುಟ್ಟಿದಾಗ್ಲಿಂದ ಈ ಮನೇಲಿ ಇಷ್ಟು ಸದ್ದು ಮಾಡಿದ್ದು ಇದೇ ಮೊದ್ಲು. ಖುಷಿ ಆಯ್ತು. ಆದ್ರೆ ಇನ್ನೊಂದ್ಸಲ ಮಾಡಿದ್ರೆ ಸರೋವರಕ್ಕೆ ಎಸೀತೀನಿ."

ಹೋಗುತ್ತ ಹೋಗುತ್ತ ನಿಂತ. "ಪೆಲ್ಕಿ ಹುಡುಗನ ಹಾಡಿಗಾ?"

ನಾನು ಆಂಪಿನ ತಂತಿ ಸುತ್ತತೊಡಗಿದೆ. ಕಿವಿ ಕೆಂಪಾಗಿದ್ದು ಅವನಿಗೆ ಕಂಡಿರಬೇಕು. ನಿಟ್ಟುಸಿರು ಬಿಟ್ಟು ಮಲಗಲು ಹೋದ.

ಹಿತ್ತಿಲಿನಲ್ಲಿ ನಮ್ಮ ಸೌನಾ ಇದೆ, ನಮ್ಮ ಫಿನ್ನಿಶ್ ಜನರ ಹಬೆಸ್ನಾನದ ಮನೆ. ಮುಮ್ಮುವಿನ ಅಪ್ಪ ಕಟ್ಟಿದ್ದು. ನಾವು ಅಜ್ಜಿಯನ್ನು ಮುಮ್ಮು ಎನ್ನುತ್ತೇವೆ. ಶನಿವಾರ ಸಂಜೆ ಒಲೆ ಉರಿಸಿ, ಕಲ್ಲಿಗೆ ನೀರು ಹುಯ್ದು, ಮನೆಮಂದಿಯೆಲ್ಲ ಸರದಿಯಂತೆ ಬೆವೆತು ಬರುತ್ತೇವೆ. ವಾರದ ಉಳಿದ ದಿನ ಅದು ತಣ್ಣಗೆ, ಖಾಲಿಯಾಗಿ, ದೇವದಾರಿನ ವಾಸನೆ ಹಿಡಿದುಕೊಂಡು ಕೂತಿರುತ್ತದೆ. ನಾಲ್ಕು ಕಡೆ ದಪ್ಪ ದಿಮ್ಮಿ, ಒಂದು ಕೈಯಗಲದ ಕಿಟಕಿ. ರೆಕಾರ್ಡಿಂಗ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಸೋಮವಾರ ಲೈಬ್ರರಿಯಿಂದ ಬೇಗ ಬಂದು, ಮನೆಯಿಂದ ತಂತಿ ಎಳೆದು, ಆಂಪನ್ನು ಕೆಳಗಿನ ಬೆಂಚಿನ ಮೇಲಿಟ್ಟು, ಮೈಕನ್ನೂ ಲ್ಯಾಪ್‌ಟಾಪನ್ನೂ ಜೋಡಿಸಿ, ಗುಂಡಿಯನ್ನು ಗಾರ್ಡಿ ತಿರುಗಿಸಿದಷ್ಟೇ ತಿರುಗಿಸಿದೆ.

ಎಮೆಟ್‌ನ ಹಾಡು ಕಿವಿಯಲ್ಲಿ ಶುರುವಾಯಿತು. ಮೀಟಿದೆ. ಕೋಣೆ ತುಂಬಿ ಬಂತು ಆ ಸದ್ದು, ನೆಲಮಾಳಿಗೆ ಎದ್ದು ಬಂದ ಹಾಗೆ. ಎರಡನೆಯ ಸಾಲಿಗೆ ಹೋಗುವಷ್ಟರಲ್ಲಿ ಬಾಗಿಲು ದಡದಡ ಬಡಿಯಿತು.

ಮುಮ್ಮು ಊರುಗೋಲಿನಿಂದ ಬಡಿಯುತ್ತಿದ್ದಳು. ಮುಖ ಕೆಂಪಾಗಿತ್ತು. ಮುಮ್ಮುವಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿದ್ದೇ ಕಡಿಮೆ.

"ನಿಲ್ಸು ಅದನ್ನ! ಸೌನಾ ಒಳಗೆ ಇದೆಂಥಾ ಅರಚಾಟ? ಚರ್ಚಲ್ಲಿ ಹೀಗೆ ಮಾಡ್ತೀಯಾ?"

ನಾನು ಆಂಪು ಆರಿಸಿದೆ. ಮರೆತೇಹೋಗಿತ್ತು ಎನ್ನುವ ಹಾಗಿರಲಿಲ್ಲ. ಚಿಕ್ಕಂದಿನಿಂದ ಹೇಳಿಸಿಕೊಂಡದ್ದೇ: ಸೌನಾದಲ್ಲಿ ಜಗಳ ಆಡಬಾರದು, ಬೈಯಬಾರದು, ಸಿಳ್ಳೆ ಹಾಕಬಾರದು, ಜೋರಾಗಿ ಮಾತಾಡಬಾರದು. ಅದು ಒಲೆ ಉರಿಯುವಾಗಿನ ಮಾತು, ತಣ್ಣಗಿರುವಾಗ ಬರೀ ಗುಡಿಸಲು ತಾನೇ ಎಂದುಕೊಂಡಿದ್ದೆ.

"ಒಲೆ ಹಚ್ಚಿಲ್ವಲ್ಲ ಮುಮ್ಮು."

"ಪಾದ್ರಿ ಇಲ್ದಾಗ ಚರ್ಚು ಚರ್ಚಲ್ವಾ?" ಮುಮ್ಮು ಒಳಗೆ ಬಂದು ಕೆಳಗಿನ ಬೆಂಚಿನ ಮೇಲೆ, ಆಂಪಿನ ಪಕ್ಕ ಕುಳಿತಳು. ಉಸಿರು ಸುಧಾರಿಸಿಕೊಂಡಳು. "ನಾನು ಹುಟ್ಟಿದ್ದು ಇಲ್ಲಿ. ಇದೇ ಹಲಗೆ ಮೇಲೆ. ನಮ್ಮಪ್ಪ ಗಣೀಲಿ ಸತ್ತಾಗ ಅಮ್ಮ ಅವನನ್ನ ತೊಳೆದಿದ್ದೂ ಇಲ್ಲೇ. ಆವತ್ತೂ ಅವಳು ಜೋರಾಗಿ ಅಳ್ಲಿಲ್ಲ. ಈ ಕೋಣೇಲಿ ಜೋರಾಗಿ ಅತ್ತೋರು ಅಂದ್ರೆ ಹುಟ್ಟಿದ ಮಕ್ಕಳು ಮಾತ್ರ."

ನಾನು ತಲೆ ತಗ್ಗಿಸಿ ಗಿಟಾರಿನ ತಂತಿ ಒರೆಸುತ್ತಿದ್ದೆ.

"ಯಾರಿಗೆ ಕೇಳ್ಸಬೇಕು ಅಂತ ಹುಡುಗಿ, ಇಷ್ಟು ಜೋರು?"

"...ಎಮೆಟ್‌ಗೆ."

"ಅವನು ದೋಣೀಲಿದಾನಲ್ಲ. ಇಲ್ಲಿಂದ ಕೂಗಿದ್ರೆ ಕೇಳುತ್ತಾ?"

ನಗು ಬಂತು. ಮುಮ್ಮು ಕಂದು ಆಂಪನ್ನು ಊರುಗೋಲಿನ ತುದಿಯಿಂದ ಮುಟ್ಟಿ ನೋಡಿದಳು. "ಬೇಡ ಅಂತ ನಾನು ಹೇಳಲ್ಲ. ಇಲ್ಲಿ ಕೂತು ಮಾತಾಡ್ತೀವಲ್ಲ, ನಾವು ನಾವೇ, ಅಷ್ಟು ಮೆತ್ತಗೆ ನುಡಿಸೋದಾದ್ರೆ ನುಡಿಸು. ಈ ಪೆಟ್ಟಿಗೆ ಗಂಡಸಿನ ಹಾಗೆ, ಇದರ ಕೈಲಿ ಅದಾಗಲ್ಲ."

ಅದಾಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೂ ಇನ್ನೆರಡು ದಿನ ಅದನ್ನು ಕೋಣೆಯಲ್ಲೇ ಇಟ್ಟುಕೊಂಡೆ. ಅಪ್ಪ ಕೆಲಸಕ್ಕೆ ಹೋಗುವ ಮುಂಚೆ ಊಟ ಮಾಡುವ ಹೊತ್ತಿನಲ್ಲಿ ಹಚ್ಚಿ, ನುಡಿಸದೆ, ಗಾಜು ಕಿತ್ತಳೆಯಾಗುವುದನ್ನು ನೋಡುತ್ತ ಕೂರುತ್ತಿದ್ದೆ. ಸುಟ್ಟ ಧೂಳಿನ ವಾಸನೆ ಬರಲೆಂದು ಕಾಯುತ್ತಿದ್ದೆ. ಹೊಸ ಆಂಪು, ಧೂಳೇ ಇರಲಿಲ್ಲ. ಅಂಗಡಿಯಲ್ಲಿ ಬಂದಿದ್ದ ವಾಸನೆ ಗಾರ್ಡಿಯ ಅಂಗಡಿಯದ್ದು.

ಅದನ್ನು ಅರಿತ ಮೇಲೆ ಹಿಂದಕ್ಕೆ ಒಯ್ಯುವುದು ಅಷ್ಟು ಕಷ್ಟವಾಗಲಿಲ್ಲ.

"ವಾಪಸ್ಸಾ?" ಗಾರ್ಡಿ ಎದೆ ಹಿಡಿದುಕೊಂಡ. "ಏನು ತಪ್ಪು ಮಾಡ್ತು ಇದು ಪಾಪ?"

"ಏನೂ ಇಲ್ಲ. ಜೋರು ಇದು."

"ಐದು ವ್ಯಾಟು ಜೋರಾ! ನೀವು ಫಿನ್ನಿಶ್ ಜನ ಯಾವಾಗ್ಲೂ ಹೀಗೆ. ನಮ್ಮ ಮನೇಲಿ ಕಾಫಿ ಕೇಳೋಕೇ ಇದಕ್ಕಿಂತ ಸದ್ದು ಬೇಕು."

"ಆ ಬೂದು ಬಣ್ಣದ್ದು ಒಮ್ಮೆ ಕೊಡಿ. ನುಡಿಸಿ ನೋಡ್ತೀನಿ."

ಅವನು ಹುಬ್ಬೇರಿಸಿ ಕೊಟ್ಟ. "ಅಜ್ಜಿ ಕೊಡಿಸ್ತಿದಾರಾ?"

"ಹೂಂ. ಒಂಥರಾ ಹಾಗೇ."

ನಾನು ಅಂಗಡಿಯ ಮೂಲೆಯಲ್ಲಿ, ಗಾರ್ಡಿಗೂ ಗಿರಾಕಿಗಳಿಗೂ ಬೆನ್ನು ಹಾಕಿ ನೆಲದ ಮೇಲೆ ಕೂತೆ. ಪಿಸುಮಾತಿನಷ್ಟು ಸದ್ದಿಟ್ಟು ಮೀಟಿದೆ. ಸ್ವರ ಅರಳಲಿಲ್ಲ. ಸೀಳಲೂ ಇಲ್ಲ. ಕೈ ಹೇಗೆ ಮುಟ್ಟಿತೋ ಹಾಗೇ, ಚಿಕ್ಕದಾಗಿ, ಸ್ವಚ್ಛವಾಗಿ ಬಂತು. ಬೆರಳು ತಂತಿಯ ಮೇಲೆ ಜಾರಿದ್ದೂ ಕೇಳಿತು. ಚೂರು ಅಳುಕಿದರೆ ಆ ಅಳುಕೂ ಕೇಳುವ ಹಾಗಿತ್ತು. ಬಚ್ಚಿಟ್ಟುಕೊಳ್ಳಲು ಅದರಲ್ಲಿ ಜಾಗವೇ ಇರಲಿಲ್ಲ. ಹೆದರಿಕೆಯಾಯಿತು. ಅದನ್ನೇ ತೆಗೆದುಕೊಂಡೆ.

ಮುಮ್ಮು ಅದನ್ನು ನೋಡಿ, "ಇದು ನಮ್ಮಪ್ಪ ಗಣಿಗೆ ಒಯ್ತಿದ್ದ ಊಟದ ಡಬ್ಬಿ ಇದ್ದ ಹಾಗಿದೆ" ಎಂದಳು. ಒಳಗೆ ಏನಿದೆ ಎಂದು ಹಿಡಿಕೆ ಹಿಡಿದು ಅಲ್ಲಾಡಿಸಿದಳು. ಆ ಮೇಲೆ ಮನೆಯಲ್ಲಿ ಅದಕ್ಕೆ ಡಬ್ಬಿ ಎಂದೇ ಹೆಸರಾಯಿತು.

ತಂತಿ ಎಳೆಯುವ ಗೋಜೂ ಇರಲಿಲ್ಲ. ಸೌನಾದ ಮೇಲಿನ ಬೆಂಚಿನಲ್ಲಿ ಕೋಟು ಹೊದ್ದು ಕೂತು, ಡಬ್ಬಿಯನ್ನು ಮಂಡಿಯ ಪಕ್ಕ ಇಟ್ಟುಕೊಂಡು, ಮೈಕನ್ನು ಅದರ ಮುಖಕ್ಕೆ ಅಂಟುವಷ್ಟು ಹತ್ತಿರ ತಂದೆ. ಮೊದಲ ದಿನ ಏನೂ ಸರಿಬರಲಿಲ್ಲ. ನಾನು ಇನ್ನೂ ಆ ನೆಲಮಾಳಿಗೆಯ ಹಾಗೇ ನುಡಿಸುತ್ತಿದ್ದೆ: ಸ್ವರ ಎಳೆದು, ಅದು ಸೀಳಲಿ ಎಂದು ಕಾದು. ಡಬ್ಬಿ ಸೀಳುತ್ತಿರಲಿಲ್ಲ. ಕಾದ ಜಾಗದಲ್ಲೆಲ್ಲ ಖಾಲಿ ಉಳಿಯುತ್ತಿತ್ತು. ಮರುದಿನ ಕಾಯುವುದನ್ನು ಬಿಟ್ಟೆ. ಅವನು ಒಂದು ಸಾಲು ಹಾಡಿ ನಿಲ್ಲಿಸಿದ ಜಾಗದಲ್ಲಿ ಎರಡೋ ಮೂರೋ ಸ್ವರ, ಪಕ್ಕದಲ್ಲಿ ಕೂತವರು "ಹೂಂ" ಎನ್ನುವ ಹಾಗೆ. ಮಿಕ್ಕಲ್ಲಿ ಸುಮ್ಮನಿದ್ದೆ. ಚಳಿಗೆ ಬೆರಳು ಮರಗಟ್ಟಿದರೆ ಬಾಯಿಯ ಬಿಸಿ ಊದಿಕೊಂಡು ಮತ್ತೆ.

ಕೊನೆಗೂ ಒಂದು ಸಲ ತಪ್ಪಿಲ್ಲದೆ ಮುಗಿಯಿತು. ಕೊನೆಯ ಸ್ವರ ದಿಮ್ಮಿಗಳಲ್ಲಿ ಇಂಗಿಹೋಗುವವರೆಗೂ ಕೂತಿದ್ದೆ. ಆಮೇಲೆ, ಏಕೋ, ಬಾಯಿ ತೆರೆದೆ. ಅವನು ಎದುರಿಗೇ ಕೆಳಗಿನ ಬೆಂಚಿನಲ್ಲಿ ಕೂತಿದ್ದಾನೆ ಅನ್ನಿಸಿತ್ತು. ಉಸಿರು ಒಳಕ್ಕೆ ಎಳೆದುಕೊಂಡೆ. ತಕ್ಷಣ ಕೈ ಚಾಚಿ ರೆಕಾರ್ಡಿಂಗ್ ನಿಲ್ಲಿಸಿಬಿಟ್ಟೆ.

ಕೇಳಿ ನೋಡಿದರೆ ಗಿಟಾರಿನ ಹಿಂದೆ ಏನೇನೋ ಕೇಳುತ್ತಿತ್ತು. ಕೋಟಿನ ತೋಳು ಉಜ್ಜಿದ್ದು, ಹಲಗೆ ಕಿರುಗುಟ್ಟಿದ್ದು, ನನ್ನ ಮೂಗಿನ ಉಸಿರು. ಡುಲೂತಿನವನು ನಗುತ್ತಾನೆ ಎನ್ನಿಸಿತು. ಇನ್ನೊಮ್ಮೆ ನುಡಿಸಬಹುದಿತ್ತು. ಆದರೆ ಗಾಳಿ ಎದ್ದಿತ್ತು, ಕಿಟಕಿ ಗಡಗಡ ಎನ್ನುತ್ತಿತ್ತು, ಅವನ ದೋಣಿ ದಂಡೆಯ ಮರೆಯಲ್ಲಿರುವ ಹೊತ್ತು. ಕಳಿಸಿಬಿಟ್ಟೆ.

ಗಾಳಿ ಇಳಿಯಿತು. ಸರೋವರ ತಟ್ಟೆಯ ಹಾಗೆ ಚಪ್ಪಟೆಯಾಯಿತು. ನವೆಂಬರಿನಲ್ಲಿ ಇಂಥ ಹವೆ ಅಪರೂಪ ಎಂದು ಲೈಬ್ರರಿಗೆ ಬಂದವರೆಲ್ಲ ಹಿಗ್ಗುತ್ತಿದ್ದರು. ನನ್ನ ಡೈರಿಯಲ್ಲಿ ಬರೆಯುವುದಕ್ಕೂ ಏನೂ ಇರಲಿಲ್ಲ. ಒಂದು ಪುಟದಲ್ಲಂತೂ 'ಇವತ್ತೂ ಬಿಸಿಲು' ಎಂದಷ್ಟೇ ಇದೆ. ತಲುಪಿತು ಎಂಬ ಗುರುತು ಫೋನಿನಲ್ಲಿ ಬಂದಿತ್ತು. ಉತ್ತರ ಬರಲಿಲ್ಲ. ಹಾಡು ಹಿಡಿಸದಿದ್ದರೆ ಎಮೆಟ್ ಬೈಯುತ್ತಾನೆ, ಹಿಡಿಸಿದರೆ ಕೂಗಾಡುತ್ತಾನೆ. ಸುಮ್ಮನಿರುವುದು ಅವನ ಜಾಯಮಾನವೇ ಅಲ್ಲ. ಡುಲೂತಿನವನು ಈಗಾಗಲೇ ನುಡಿಸಿಬಿಟ್ಟಿರಬೇಕು, ಹೇಗೆ ಹೇಳುವುದೆಂದು ಇವನು ಒದ್ದಾಡುತ್ತಿರಬೇಕು ಎಂದುಕೊಂಡೆ.

ಒಂದು ಬೆಳಿಗ್ಗೆ ಅಪ್ಪ ಪಾಳಿ ಮುಗಿಸಿ ಬಂದವನು ಬೂಟು ಬಿಚ್ಚಲಿಲ್ಲ.

"ಪೆಲ್ಕಿ ದೋಣಿ ಬಂದಿದೆ. ಅದಿರು ತುಂಬ್ತಾ ಇದಾರೆ. ಹುಡುಗ ಕೇಳ್ದ, ಸೆನ್ಯಾ ಮನೇಲಿದಾಳಾ ಅಂತ. ಮಧ್ಯಾಹ್ನ ಸ್ವಲ್ಪ ಹೊತ್ತು ಬಿಡ್ತಾರಂತೆ, ಗೇಟ್ ತನಕ." ಟ್ರಕ್ಕಿನ ಬೀಗದ ಕೈ ಮೇಜಿನ ಮೇಲಿಟ್ಟ. "ಹೋಗೋದಾದ್ರೆ ಪೇಸ್ಟಿ ತಗೊಂಡು ಹೋಗು. ದೋಣಿ ಊಟ ತಿಂದು ತಿಂದು ಕಡ್ಡಿ ಆಗಿದಾನೆ."

ಮುಮ್ಮು ಆಗಲೇ ಒಲೆಯಿಂದ ಪೇಸ್ಟಿ ತೆಗೆಯುತ್ತಿದ್ದಳು. ಹಿಟ್ಟಿನ ಹೊದಿಕೆಯೊಳಗೆ ಮಾಂಸ, ಆಲೂಗಡ್ಡೆ, ರುಟಬೇಗ ಗಡ್ಡೆ. ಹಳೆಯ ಟವೆಲಿನಲ್ಲಿ ಸುತ್ತಿ ಕೈಗಿಟ್ಟಳು. "ಕೆಚಪ್ ಹಾಕ್ಕೊಂಡು ತಿನ್ನೋನು ಅವನು. ಏನ್ ಮಾಡೋದು, ಅವರಮ್ಮ ಹಾಗೆ ಬೆಳೆಸಿದಾಳೆ" ಎಂದು ಬಾಟಲಿಯನ್ನೂ ಕೊಟ್ಟಳು.

ಧಕ್ಕೆಯ ಗೇಟಿನ ಬಳಿ ಟ್ರಕ್ಕು ನಿಲ್ಲಿಸಿದೆ. ಧಕ್ಕೆಯೆಂದರೆ ನೀರಿನೊಳಕ್ಕೆ ಚಾಚಿದ ಉಕ್ಕಿನ ಕೋಟೆ. ಅದರ ಪಕ್ಕೆಗೆ ಒರಗಿ ದೋಣಿ, ಮೇಲಿನಿಂದ ಇಳಿಬಿಟ್ಟ ಜಾರುಕೊಳವೆಗಳಲ್ಲಿ ಅದಿರಿನ ಗುಂಡುಗಳು ಅದರ ಹೊಟ್ಟೆಗೆ ಸುರಿಯುತ್ತಿದ್ದವು. ಆ ಮೊರೆತದಲ್ಲಿ ಟ್ರಕ್ಕಿನ ಗಾಜೂ ನಡುಗುತ್ತಿತ್ತು. ಎಮೆಟ್ ಕಿತ್ತಳೆ ಬಣ್ಣದ ಅಂಗಿಯಲ್ಲಿ ಓಡಿಬಂದು, ಬಾಗಿಲು ತೆರೆದು, ಪಕ್ಕದಲ್ಲಿ ಧೊಪ್ಪೆಂದು ಕೂತ. ಮೈಯೆಲ್ಲ ತುಕ್ಕಿನ ಪುಡಿ. ಗಡ್ಡ ಬಿಟ್ಟಿದ್ದ. ಟವೆಲು ಬಿಚ್ಚಿ, ಮಾತಾಡದೆ, ಅರ್ಧ ಪೇಸ್ಟಿ ತಿಂದ.

"ನಿಮ್ಮ ಮುಮ್ಮುವನ್ನೇ ಮದುವೆ ಆಗ್ತೀನಿ" ಎಂದು ಕೂಗಿದ. ಮೊರೆತದಲ್ಲಿ ಕೂಗದೆ ಗತಿಯಿರಲಿಲ್ಲ.

"ಕೆಚಪ್ ಹಾಕೋನಿಗೆ ಅವಳು ಒಪ್ಪಲ್ಲ."

"ಏನು?"

"ಏನಿಲ್ಲ!"

ಅವನು ಬಾಯಿ ಒರೆಸಿಕೊಂಡ. ನಾನು ಸ್ಟಿಯರಿಂಗ್ ಚಕ್ರವನ್ನು ನೋಡುತ್ತಿದ್ದೆ. ಟ್ರಕ್ಕಿನಲ್ಲಿ ಬೆನ್ನು ಹಾಕಿ ಕೂರುವ ಹಾಗಿರಲಿಲ್ಲ.

"ನಿನ್ನ ಗಿಟಾರು!" ಎಂದ. "ಮೊದಲ್ನೇ ಸಲ ಹಾಕಿದಾಗ ಏನೂ ಕೇಳ್ಲೇ ಇಲ್ಲ ಹಾರ್ಜು. ಖಾಲಿ ಫೈಲ್ ಕಳಿಸಿದಾಳೆ ಅಂದ್ಕೊಂಡೆ. ನಮ್ಮ ಕೋಣೆ ಎಂಜಿನ್ ಮೇಲೇ ಇರೋದು. ಕಿವಿಗೆ ಏನು ತುರುಕಿದ್ರೂ ಗುಂಯ್ ಅನ್ನುತ್ತೆ. ಊಟದ ಮನೇಲೂ ಆಗ್ಲಿಲ್ಲ. ಆಮೇಲೆ ಕೆಲಸ ಮುಗಿಸಿ ಡೆಕ್ ಪೂರ್ತಿ ನಡ್ಕೊಂಡು ದೋಣಿ ಮೂತಿಗೆ ಹೋದೆ, ಆ ಮುಂದಿನ ತುದೀಗೆ. ಅಲ್ಲಿ ಎಂಜಿನ್ ಕೇಳ್ಸಲ್ಲ. ಹಗ್ಗ ಇಡೋ ಗೂಡಲ್ಲಿ ಮಲ್ಕೊಂಡು, ಟೋಪಿ ಎಳ್ಕೊಂಡು..." ಏನೋ ನೆನಪಾದವನ ಹಾಗೆ ನಿಲ್ಲಿಸಿದ. "ಯಾವ ಆಂಪು ಅದು?"

"ಟೋಸ್ಟರು" ಎಂದೆ.

"ಸುಳ್ಳು!"

"ನಿಜ. ಎಂಟು ವರ್ಷದ ಮಕ್ಕಳದ್ದು."

ಅವನು ತಲೆ ಹಿಂದಕ್ಕೆಸೆದು ನಕ್ಕ. ಆ ನಗು ನೆಲಮಾಳಿಗೆಯಲ್ಲಿ ನನ್ನ ಬೆನ್ನಿಗೆ ಬೀಳುತ್ತಿತ್ತು. ಎದುರಿಗೆ ನಕ್ಕಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ ಎಂಬುದನ್ನು ನಾನು ನೋಡಿದ್ದು ಅಂದೇ.

"ಡುಲೂತಿನೋನು ಏನಂದ?" ಕೇಳಿಯೇಬಿಟ್ಟೆ.

"ಇದೇನು ಗಿಟಾರೋ, ಪಕ್ಕದ ಮನೇಲಿ ಯಾರೋ ನುಡಿಸ್ತಿದಾರೋ ಅಂದ. ಜೋರು ಮಾಡಿದ್ರೆ ಬರೀ ಉಸಿರು, ಬಟ್ಟೆ ಸದ್ದು ಅಂದ. ತಾನು ನುಡಿಸ್ತೀನಿ, ಅರ್ಧ ದಿನದ ಕೆಲಸ ಅಂದ." ಎಮೆಟ್ ಟವೆಲನ್ನು ಮಡಚುತ್ತಿದ್ದ, ಬೇಕಾದ್ದಕ್ಕಿಂತ ನೀಟಾಗಿ. "ಉಳಿದ ಹಾಡಿಗೆಲ್ಲ ಅವನೇ ನುಡಿಸ್ತಾನೆ. ಅವನು ಚೆನ್ನಾಗಿ ನುಡಿಸ್ತಾನೆ, ಸುಳ್ಳು ಯಾಕೆ ಹೇಳ್ಲಿ. ಇದನ್ನ ಮಾತ್ರ ಮುಟ್ಟಬೇಡ ಅಂದೆ. ಇದು ಹೀಗೇ ಇರುತ್ತೆ. ಕೇಳ್ಬೇಕು ಅನ್ನೋರು ಹತ್ರ ಬರ್ಲಿ."

ಒಂದು ಹಾಡು. ಉಳಿದದ್ದೆಲ್ಲ ಇನ್ನೊಬ್ಬರದ್ದು. ಅದು ಸಂತೋಷವೋ ಸಂಕಟವೋ ಎಂದು ಅಳೆದುಕೊಳ್ಳುತ್ತಿದ್ದಾಗ ಧಕ್ಕೆಯ ಮೊರೆತ ಫಕ್ಕನೆ ನಿಂತಿತು. ಒಂದು ಕಣಜ ಖಾಲಿಯಾದಾಗ ಹಾಗಾಗುತ್ತದೆ. ಇನ್ನೊಂದನ್ನು ತೆರೆಯುವವರೆಗೆ ಎಲ್ಲ ನಿಶ್ಶಬ್ದ. ಕಡಲಹಕ್ಕಿಯ ಕೂಗು ಕೇಳಿತು. ಅವನ ಅಂಗಿಯಿಂದ ತುಕ್ಕು ಸೀಟಿನ ಮೇಲೆ ಉದುರಿದ್ದೂ ಕೇಳಿತೇನೋ.

ಎಮೆಟ್ ದನಿ ತಗ್ಗಿಸಿದ. ಅವನಿಗೆ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಕೊನೇಲಿ ಹಾಡು ಮುಗಿದ ಮೇಲೆ ಉಸಿರು ತಗೊಂಡೆ ನೀನು. ಏನೋ ಹೇಳೋಕೆ ಹೊರಟೋರು ತಗೋತಾರಲ್ಲ, ಹಾಗೆ. ಆಮೇಲೆ ಕಟ್ ಆಗಿದೆ." ಅವನು ನನ್ನನ್ನು ನೋಡುತ್ತಿದ್ದ. "ಆ ಉಸಿರಿಗೋಸ್ಕರ ಎಷ್ಟು ಸಲ ಮೂತಿಗೆ ನಡ್ಕೊಂಡು ಹೋದೆ ಗೊತ್ತಾ? ಉತ್ತರ ಕಳ್ಸೋಕೆ ಆಗ್ಲಿಲ್ಲ. ಏನಂತ ಕಳ್ಸೋದು. ಏನು ಹೇಳೋಕೆ ಹೊರಟಿದ್ದೆ?"

"ಚಳಿ ಇತ್ತು" ಎಂದೆ.

"ಚಳೀನಾ."

"ಹೂಂ. ಸೌನಾ ತಣ್ಣಗಿತ್ತು."

ಅವನು ನಿಧಾನವಾಗಿ ತಲೆಯಾಡಿಸಿದ. ನಂಬಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಧಕ್ಕೆಯ ಮೇಲೆ ಯಾರೋ ಕೈಬೀಸಿ ಕರೆದರು. ಅವನು ಟವೆಲನ್ನು ನನ್ನ ಮಡಿಲಲ್ಲಿಟ್ಟು ಇಳಿದ. ಬಾಗಿಲು ಹಾಕುವ ಮುಂಚೆ ಬಗ್ಗಿ, "ಇನ್ನೊಂದ್ಸಲ ನುಡಿಸಿದಾಗ," ಎಂದ, "ಅಷ್ಟು ಬೇಗ ಕಟ್ ಮಾಡ್ಬೇಡ. ಮೂತಿ ತನಕ ನಡೀಬೇಕು ನಾನು. ದೂರ ಇದೆ."

ಮೊರೆತ ಮತ್ತೆ ಶುರುವಾಯಿತು. ನಾನು ಏನೋ ಅಂದೆ. ಅವನಿಗೆ ಕೇಳಿಸಲಿಲ್ಲ. ಕಿವಿಗೆ ಕೈಯಿಟ್ಟು ತೋರಿಸಿ, ನಕ್ಕು, ಓಡಿದ.

ಸಂಜೆಗೆ ದೋಣಿ ಹೊರಟಿತು. ಮನೆಯ ಹಿತ್ತಿಲಿನಲ್ಲಿ ನಿಂತರೆ ಅದು ಕಾಣುವುದಿಲ್ಲ, ಅದರ ಕೊಂಬು ಮಾತ್ರ ಕೇಳುತ್ತದೆ. ಒಂದು ಉದ್ದ, ಎರಡು ಗಿಡ್ಡ. ದೊಡ್ಡ ದೋಣಿಗಳಿಗೆಲ್ಲ ಎಷ್ಟು ಸುಲಭ, ಎಂದುಕೊಂಡೆ. ಊರಿಗೆಲ್ಲ ಕೇಳುವ ಹಾಗೆ ಹೋಗಿಬರುತ್ತೇನೆ ಎಂದುಬಿಡಬಹುದು.

ಶನಿವಾರ ಒಲೆ ಹಚ್ಚುವ ಮುಂಚೆ ಸೌನಾಕ್ಕೆ ಹೋದೆ. ಅವನು ಹೊಸ ಹಾಡೇನೂ ಕಳಿಸಿರಲಿಲ್ಲ. ನನ್ನದೇ ಒಂದು ಚಿಕ್ಕ ರಾಗವಿತ್ತು, ಎಷ್ಟೋ ದಿನದಿಂದ ಬೆರಳಲ್ಲೇ ಉಳಿದದ್ದು. ಡಬ್ಬಿಯನ್ನು ಮಂಡಿಯ ಪಕ್ಕ ಇಟ್ಟುಕೊಂಡು ಅದನ್ನು ನುಡಿಸಿದೆ. ಮುಗಿಯಿತು. ಕೊನೆಯ ಸ್ವರ ದಿಮ್ಮಿಗಳಲ್ಲಿ ಇಂಗಿತು. ಉಸಿರು ತೆಗೆದುಕೊಂಡೆ. ರೆಕಾರ್ಡಿಂಗಿನ ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು. ಕೈಯನ್ನು ಮಡಿಲಲ್ಲೇ ಹಿಡಿದುಕೊಂಡೆ. ಹೇಳಬೇಕಾದ ಮಾತು ಬಾಯಿಯ ತನಕ ಬಂದು ಕೂತಿತ್ತು. ಅವನು ಡೆಕ್ಕಿನ ಉದ್ದಕ್ಕೂ ನಡೆದು ಬರುತ್ತಿದ್ದಾನೆ ಎಂದುಕೊಂಡು ಕಾದೆ.

ಹೊರಗೆ ಸೌದೆ ಇಳಿಸಿದ ಸದ್ದಾಯಿತು. ಬಾಗಿಲ ಮೇಲೆ ಊರುಗೋಲು, ಈ ಸಲ ಮೆತ್ತಗೆ.

"ಮುಗೀತೇನೇ ಹುಡುಗಿ? ಒಲೆ ಹಚ್ಚಬೇಕು, ಅಪ್ಪ ಕಾಯ್ತಿದಾನೆ."

"ಇನ್ನೂ ಇಲ್ಲ ಮುಮ್ಮು" ಎಂದೆ. "ಇನ್ನೊಂದು ಸ್ವಲ್ಪ."